ಡಾಕ್ಟರೇ, ಮುಟ್ಟಿನ ಬಗ್ಗೆಯೂ ಒಂದು ಮಾತು ಕೇಳಿ
ನಲವತ್ತು ದಾಟಿದ ಹೆಂಗಸರನ್ನು ನೋಡುವ ಎಲ್ಲ ವೈದ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಡಾಕ್ಟರುಗಳೇ,

ಇದು ಹೆಂಗಸರ ಡಾಕ್ಟರುಗಳಿಗೆ ಬರೆದ ಪತ್ರ ಅಲ್ಲ. ಅವರಿಗೆ ವಿಷಯ ಗೊತ್ತು, ಗೊತ್ತಿರಬೇಕು. ನಾನು ಬರೆಯುತ್ತಿರುವುದು ಉಳಿದವರಿಗೆ. ಎದೆ ನೋಡುವವರು, ಮೂಳೆ ನೋಡುವವರು, ಚರ್ಮ ನೋಡುವವರು, ನಿದ್ದೆ ಬರುತ್ತಿಲ್ಲ ಅಂದರೆ ಮಾತ್ರೆ ಬರೆದುಕೊಡುವವರು, ಎಲ್ಲರಿಗಿಂತ ಮುಖ್ಯವಾಗಿ ನೆಗಡಿಯಿಂದ ಹಿಡಿದು ಏನಾದರೂ ನಾವು ಮೊದಲು ಓಡಿಬರುವ ಫ್ಯಾಮಿಲಿ ಡಾಕ್ಟರುಗಳು. ನಲವತ್ತು ದಾಟಿದ ಹೆಂಗಸು ನಿಮ್ಮ ಎದುರು ಕೂತಾಗ, ಅವಳು ಯಾವ ತೊಂದರೆ ಹೇಳಿಕೊಂಡು ಬಂದಿದ್ದರೂ ಸರಿ, ಒಂದು ಪ್ರಶ್ನೆ ಕೇಳಿ: "ಮುಟ್ಟು ಹೇಗಿದೆ? ಮೊದಲಿನ ಹಾಗೇ ಬರುತ್ತಿದೆಯಾ?"

ಇಷ್ಟೇ ನನ್ನ ಬೇಡಿಕೆ. ಮುಟ್ಟು ನಿಲ್ಲುವ ಕಾಲದ, ಅಂದರೆ ಮೆನೋಪಾಸಿನ ತೊಂದರೆಗಳು ಹೀಗೆ ಕೇಳಿದರಷ್ಟೇ ಹೊರಗೆ ಬರುತ್ತವೆ. ಅರ್ಧ ನಿಮಿಷದ ಕೆಲಸ. ಇದಕ್ಕೆ ಇಷ್ಟುದ್ದದ ಪತ್ರ ಯಾಕೆ ಅಂದರೆ, ಆ ಅರ್ಧ ನಿಮಿಷ ಸಿಗದೆ ಹೆಂಗಸರು ಎಷ್ಟು ಅಲೆಯುತ್ತಾರೆ ಅನ್ನುವುದು ನೀವು ಕೂತ ಜಾಗದಿಂದ ಕಾಣುವುದಿಲ್ಲ. ನೀವು ಒಬ್ಬೊಬ್ಬರೂ ಒಂದೊಂದು ತುಂಡು ನೋಡಿ ಕಳಿಸಿರುತ್ತೀರಿ.

ನನ್ನದೇ ಹೇಳುತ್ತೇನೆ. ಶುರುವಾದದ್ದು ಎದೆಯಿಂದ. ಸುಮ್ನೆ ಕೂತಿದ್ದಾಗ ಎದೆ ಢವಢವ ಹೊಡೆದುಕೊಳ್ಳುತ್ತಿತ್ತು. ಇಸಿಜಿ ಆಯಿತು, ಎಕೋ ಆಯಿತು, ಎಲ್ಲ ನಾರ್ಮಲ್. "ಏನೂ ಇಲ್ಲಮ್ಮ, ಟೆನ್ಷನ್ ಜಾಸ್ತಿ ಮಾಡ್ಕೋಬೇಡಿ" ಅಂದರು. ಒಳ್ಳೆಯದೇ ಆಯಿತು. ಆಮೇಲೆ ಎಡಭುಜ ಹಿಡಿದುಕೊಂಡಿತು. ಕೈ ಹಿಂದಕ್ಕೆ ಹೋಗುತ್ತಲೇ ಇರಲಿಲ್ಲ, ಬ್ರಾ ಹುಕ್ಕು ಹಾಕಿಕೊಳ್ಳಲು ಮಗಳನ್ನು ಕರೆಯಬೇಕಾಗುತ್ತಿತ್ತು. ಅದಕ್ಕೆ ಬೇರೆ ಡಾಕ್ಟರು, ಬೇರೆ ಎಕ್ಸ್‌ರೇ. ನಿದ್ದೆ ಹೋಯಿತು, ಅದಕ್ಕೊಂದು ಮಾತ್ರೆ. ಮೈಮೇಲೆ ಇರುವೆ ಹರಿದಂತೆ ತುರಿಕೆ, ಅದಕ್ಕೊಂದು ಮುಲಾಮು. ಫೈಲು ದಪ್ಪವಾಗುತ್ತಾ ಹೋಯಿತು. ಪ್ರತಿ ಚೀಟಿಯ ಮೇಲೂ ನನ್ನ ವಯಸ್ಸಿತ್ತು, ಬಿಪಿ ಇತ್ತು, ತೂಕ ಇತ್ತು. ಕೊನೆಯ ಮುಟ್ಟು ಯಾವಾಗ ಆಯಿತು ಅನ್ನುವುದು ಒಂದರ ಮೇಲೂ ಇರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ: ಒಮ್ಮೊಮ್ಮೆ ಎರಡು ತಿಂಗಳು ಪತ್ತೆಯೇ ಇರುವುದಿಲ್ಲ, ಬಂದರೆ ವಾರ ಕಳೆದರೂ ನಿಲ್ಲುವುದಿಲ್ಲ.

"ನೀವೇ ಯಾಕೆ ಹೇಳಲಿಲ್ಲ?" ಅಂತ ಕೇಳಬಹುದು. ಭುಜ ನೋವು ಅಂತ ಹೋದವಳು ಮೂಳೆ ಡಾಕ್ಟರ ಮುಂದೆ ಮುಟ್ಟಿನ ಕಥೆ ತೆಗೆಯುತ್ತಾಳಾ, ಹೇಳಿ? ಎರಡಕ್ಕೂ ಸಂಬಂಧ ಇರಬಹುದು ಅಂತ ಅವಳಿಗೆ ಹೊಳೆಯುವುದಾದರೂ ಹೇಗೆ? ಹತ್ತು ಜನ ಹೊರಗೆ ಕಾಯುತ್ತಿರುತ್ತಾರೆ, ಪಕ್ಕದಲ್ಲಿ ಗಂಡನೋ ಮಗನೋ ನಿಂತಿರುತ್ತಾನೆ, ಬಾಗಿಲು ಅರ್ಧ ತೆರೆದಿರುತ್ತದೆ. ಆ ಮಾತು ಅವಳ ಬಾಯಿಂದ ಮೊದಲು ಬರುವುದಿಲ್ಲ. ನಿಮ್ಮ ಬಾಯಿಂದ ಬರಬೇಕು. ಬಿಪಿ ಪಟ್ಟಿ ಸುತ್ತುತ್ತಾ, ನಿದ್ದೆ ಹೇಗೆ, ಹಸಿವು ಹೇಗೆ ಅಂತ ಕೇಳುವ ಧಾಟಿಯಲ್ಲೇ ಕೇಳಿ. ಮುಜುಗರ ಪಡುವಂಥದ್ದು ಏನೂ ಇಲ್ಲ ಅಂತ ಅವಳಿಗೆ ಗೊತ್ತಾಗುವುದೇ ನೀವು ಕೇಳುವ ರೀತಿಯಿಂದ. ಮತ್ತೆ ಪಕ್ಕದಲ್ಲಿ ನಿಂತವರನ್ನು ಎರಡು ನಿಮಿಷ ಹೊರಗೆ ಕಳಿಸಿದರೆ ಇನ್ನೂ ಒಳ್ಳೆಯದು.

ಇನ್ನು ಪತ್ರ ಓದುತ್ತಿರುವ ಉಳಿದವರಿಗಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಡಾಕ್ಟರುಗಳೇ, ನಿಮಗೆ ಇದೆಲ್ಲ ಮೊದಲ ವರ್ಷದ ಪಾಠ. ಆದರೂ ಓದಿ.

ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ 10ರಿಂದ 20 ಲಕ್ಷ ಅಂಡಾಣುಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಮೂರು-ನಾಲ್ಕು ಲಕ್ಷ ಉಳಿದಿರುತ್ತವೆ. ಇಡೀ ಬದುಕಿನಲ್ಲಿ ತಿಂಗಳಿಗೊಂದರಂತೆ ಹೊರಬರುವುದು ಸುಮಾರು 400 ಮಾತ್ರ, ಮಿಕ್ಕವು ತಾವಾಗಿಯೇ ಕರಗಿಹೋಗುತ್ತವೆ. ಆ ದಾಸ್ತಾನು ಮುಗಿಯುತ್ತಾ ಬಂದಾಗ ಅಂಡಾಶಯ ಮಾತು ಕೇಳುವುದನ್ನು ಬಿಡುತ್ತದೆ. ಕೆಲವು ತಿಂಗಳು ಅಂಡಾಣು ಹೊರಬರುವುದೇ ಇಲ್ಲ, ಹಾಗಾದ ತಿಂಗಳು ಗರ್ಭಕೋಶದ ಒಳಪದರವನ್ನು ಹದದಲ್ಲಿಡುವ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನು ಹುಟ್ಟುವುದಿಲ್ಲ. ಮುಟ್ಟು ತಪ್ಪುವುದು, ಬಂದರೆ ವಿಪರೀತ ರಕ್ತ ಹೋಗುವುದು ಇದರಿಂದಲೇ. ಮೆದುಳು ಎಫ್‌ಎಸ್‌ಎಚ್ ಅನ್ನುವ ಹಾರ್ಮೋನನ್ನು ಜಾಸ್ತಿ ಜಾಸ್ತಿ ಕಳಿಸಿ ಅಂಡಾಶಯವನ್ನು ಎಬ್ಬಿಸಲು ನೋಡುತ್ತದೆ. ಅಂಡಾಶಯದ ಮುಖ್ಯ ಹಾರ್ಮೋನಾದ ಈಸ್ಟ್ರೋಜನ್ ಮೆಲ್ಲಗೆ ಇಳಿಯುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಇಲ್ಲ, ಅದು ಕೆಲವು ವರ್ಷ ಹುಚ್ಚುಚ್ಚಾಗಿ ಏರಿ ಇಳಿದು ಕೊನೆಗೆ ತಳ ಹಿಡಿಯುತ್ತದೆ. ಹೆಂಗಸರು ಒದ್ದಾಡುವುದು ಹೆಚ್ಚಾಗಿ ಈ ಏರಿಳಿತದ ವರ್ಷಗಳಲ್ಲೇ, ಅಂದರೆ ಮುಟ್ಟು ಇನ್ನೂ ಬರುತ್ತಿರುವಾಗಲೇ. "ಇನ್ನೂ ಮುಟ್ಟಾಗ್ತಿದೆ ಅಲ್ವಾ, ಹಾಗಾದ್ರೆ ಅದಲ್ಲ ಬಿಡಿ" ಅಂತ ವಾಪಸ್ ಕಳಿಸುವುದು ಅದಕ್ಕೇ ತಪ್ಪು.

ಸತತ 12 ತಿಂಗಳು ಮುಟ್ಟಾಗದಿದ್ದರೆ ಮುಟ್ಟು ನಿಂತಿತು ಅಂತ ಲೆಕ್ಕ. ಹೆಚ್ಚಿನವರಿಗೆ ಇದು 45ರಿಂದ 55ರ ನಡುವೆ ಆಗುತ್ತದೆ. ನಿಂತಿದೆ ಅನ್ನುವುದು ವರ್ಷ ಕಳೆದ ಮೇಲಷ್ಟೇ ಗೊತ್ತಾಗುವುದು. ಆದ್ದರಿಂದ ರಕ್ತಪರೀಕ್ಷೆಗೆ ಓಡಬೇಡಿ. ಇವತ್ತು ಏರಿದ ಹಾರ್ಮೋನು ಮುಂದಿನ ವಾರ ಇಳಿದಿರುತ್ತದೆ, ಒಂದು ದಿನದ ರಿಪೋರ್ಟು ನೋಡಿ "ನಾರ್ಮಲ್ ಇದೆ" ಅಂದರೆ ಅದಕ್ಕೆ ಅರ್ಥವೇ ಇಲ್ಲ. ಚಿಕಿತ್ಸೆ ಹೇಗಿರಬೇಕು ಅಂತ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2015ರಲ್ಲೇ ವೈದ್ಯರಿಗೆ ಹೇಳಿದೆ: 45 ದಾಟಿದ ಹೆಂಗಸಿಗೆ ಮುಟ್ಟು ಏರುಪೇರಾಗಿ, ಬಿಸಿ ಏರುವುದು ಬೆವರುವುದು ಇದ್ದರೆ ಹಾರ್ಮೋನ್ ಪರೀಕ್ಷೆ ಬೇಡ, ಮಾತಾಡಿಸಿದರೆ ಸಾಕು. ಪರೀಕ್ಷೆಗಿಂತ ಪ್ರಶ್ನೆಯೇ ಮೇಲು ಅನ್ನುವ ಕಾಯಿಲೆಗಳು ನಿಮ್ಮಲ್ಲಿ ಎಷ್ಟಿವೆ? ಇದು ಕಾಯಿಲೆಯೂ ಅಲ್ಲ, ಆ ಮಾತು ಬೇರೆ.

ಭುಜಕ್ಕೂ ಅಂಡಾಶಯಕ್ಕೂ ಏನು ಸಂಬಂಧ ಅನ್ನುವವರಿಗೆ: ಈಸ್ಟ್ರೋಜನ್ ಗರ್ಭಕೋಶಕ್ಕೆ ಮಾತ್ರ ಮೀಸಲಾದದ್ದಲ್ಲ. ಮೆದುಳು, ರಕ್ತನಾಳ, ಮೂಳೆ, ಕೀಲು, ಚರ್ಮ, ಮೂತ್ರನಾಳ, ಎಲ್ಲ ಕಡೆ ಅದನ್ನು ಹಿಡಿದುಕೊಳ್ಳುವ ಜಾಗಗಳಿವೆ. ಅದು ಏರುಪೇರಾದಾಗ ಅಲ್ಲೆಲ್ಲ ಏನಾದರೂ ಆಗಬಹುದು. ಒಬ್ಬಳಿಗೆ ಕೀಲು, ಒಬ್ಬಳಿಗೆ ಮರೆವು, ಒಬ್ಬಳಿಗೆ ಏನೂ ಇಲ್ಲ. ಏನೂ ಇಲ್ಲದವರೂ ಬೇಕಾದಷ್ಟು ಜನ ಇದ್ದಾರೆ, ಮುಟ್ಟಿನ ಕಾಟ ತಪ್ಪಿತು ಅಂತ ನಿಟ್ಟುಸಿರು ಬಿಟ್ಟು ಹಾಯಾಗಿರುವವರು. ಅವರನ್ನು ನೋಡಿ ಉಳಿದವರನ್ನು ಅಳೆಯಬೇಡಿ.

ಬಿಸಿ ಏರುವುದರ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಎಲ್ಲರೂ ನಗುವುದು ಇದಕ್ಕೇ. ನೂರರಲ್ಲಿ 75-80 ಹೆಂಗಸರಿಗೆ ಒಂದಲ್ಲ ಒಂದು ಹಂತದಲ್ಲಿ ಇದು ಬರುತ್ತದೆ. ಎದೆಯ ನಡುವೆ ಎಲ್ಲೋ ಶುರುವಾಗುತ್ತದೆ, ಕುತ್ತಿಗೆಗೆ ಹತ್ತುತ್ತದೆ, ಕಿವಿ ಬಿಸಿಯಾಗುತ್ತದೆ, ಮುಖ ಕೆಂಪಾಗುತ್ತದೆ. ಮೇಲ್ದುಟಿಯ ಮೇಲೆ, ಕೂದಲ ಬುಡದಲ್ಲಿ, ಬೆನ್ನಿನ ಗುಂಟ ಬೆವರು ಒಡೆಯುತ್ತದೆ. ಮೂರ್ನಾಲ್ಕು ನಿಮಿಷ ಅಷ್ಟೇ. ಆಮೇಲೆ ಒದ್ದೆ ಬಟ್ಟೆಯಲ್ಲಿ ಚಳಿ. ರಾತ್ರಿ ಮೂರು ಗಂಟೆಗೆ ಇದು ನಡೆದರೆ ಹೊದಿಕೆ ಒದೆಯುವುದು, ಎದ್ದು ಬಟ್ಟೆ ಬದಲಿಸುವುದು, ದಿಂಬು ತಿರುಗಿಸಿ ಹಾಕುವುದು, ಮತ್ತೆ ಹೊದಿಕೆ ಹುಡುಕುವುದು, ಅಷ್ಟರಲ್ಲಿ ನಿದ್ದೆ ಹಾರಿಹೋಗಿ ಸೂರು ನೋಡುತ್ತಾ ಮಲಗುವುದು, ಬೆಳಿಗ್ಗೆ ಎದ್ದು ಎಲ್ಲರ ಮೇಲೆ ಸಿಡುಕುವುದು, ಸಿಡುಕಿದ್ದಕ್ಕೆ ತಾನೇ ಅಳುವುದು. ಈ ಸರಪಳಿಯ ಕೊನೆಯ ಕೊಂಡಿ ಹಿಡಿದುಕೊಂಡು ಅವಳು ನಿಮ್ಮಲ್ಲಿಗೆ ಬರುತ್ತಾಳೆ. "ಯಾಕೋ ಅಳು ಬರುತ್ತೆ ಡಾಕ್ಟ್ರೇ" ಅನ್ನುತ್ತಾಳೆ. ನೀವು ಅಳುವಿಗೆ ಮಾತ್ರೆ ಬರೆಯುತ್ತೀರಿ. ಈ ವಯಸ್ಸಿನಲ್ಲಿ ಖಿನ್ನತೆಯೂ ನಿಜವಾಗಿಯೇ ಹೆಚ್ಚು, ಅದನ್ನು ತಳ್ಳಿಹಾಕುತ್ತಿಲ್ಲ. ರಾತ್ರಿ ಬೆವರುತ್ತೀರಾ ಅಂತ ಕೇಳಿ ಆಮೇಲೆ ಬರೆಯಿರಿ, ಅಷ್ಟೇ.

ಇದೇನು ಭ್ರಮೆ ಅಲ್ಲ. ಮೈಯ ಶಾಖ ಕಾಯುವ ಕೆಲಸ ಮೆದುಳಿನ ಹೈಪೊಥಾಲಮಸ್‌ದು. ಈಸ್ಟ್ರೋಜನ್ ಕಡಿಮೆಯಾದಾಗ ಅಲ್ಲಿನ ಕೆಲವು ನರಕೋಶಗಳು ಕೆರಳುತ್ತವೆ, ಮೈಶಾಖ ಒಂದಿಷ್ಟೇ ಇಷ್ಟು ಏರಿದರೂ "ಸುಡುತ್ತಿದೆ" ಅಂತ ತಿಳಿದು ರಕ್ತನಾಳ ಅಗಲಿಸಿ ಬೆವರು ಸುರಿಸುತ್ತವೆ. ಆ ನರಕೋಶಗಳ ಸಂದೇಶವನ್ನೇ ತಡೆಯುವ, ಹಾರ್ಮೋನಲ್ಲದ ಮಾತ್ರೆಯೊಂದಕ್ಕೆ, ಫೆಜೊಲಿನೆಟಂಟ್ ಅದರ ಹೆಸರು, ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಲಿವರ್ ಮೇಲೆ ಕಣ್ಣಿಟ್ಟು ಕೊಡಬೇಕು. ಮತ್ತೆ "ಒಂದೆರಡು ತಿಂಗಳು, ತಾನಾಗೇ ಹೋಗುತ್ತೆ" ಅನ್ನುವವರಿಗೆ: ಅಮೆರಿಕದಲ್ಲಿ ಸಾವಿರಾರು ಹೆಂಗಸರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಸ್ವಾನ್ ಅಧ್ಯಯನದ ಲೆಕ್ಕ 2015ರಲ್ಲಿ ಬಂತು. ಆಗಾಗ ಬಿಸಿ ಏರುವವರಲ್ಲಿ ಅರ್ಧದಷ್ಟು ಜನರಿಗೆ ಅದು ಏಳು ವರ್ಷಕ್ಕೂ ಹೆಚ್ಚು ಇತ್ತು.

ಈಗ ನೀವು ಹೇಳುವ ಮಾತಿಗೆ ಬರುತ್ತೇನೆ. "ಇದು ಸಹಜ ಅಮ್ಮ, ಎಲ್ಲ ಹೆಂಗಸರಿಗೂ ಆಗುತ್ತೆ." ಹೌದು, ಸಹಜವೇ. ಹೆರುವ ವಯಸ್ಸು ಮುಗಿದ ಮೇಲೂ ದಶಕಗಟ್ಟಲೆ ಬದುಕುವುದು ಮನುಷ್ಯರಲ್ಲಿ ಬಿಟ್ಟರೆ ಕೆಲವು ಹಲ್ಲಿನ ತಿಮಿಂಗಿಲಗಳಲ್ಲಿ ಕಂಡಿದೆ. ಅವುಗಳಲ್ಲೊಂದಾದ ಓರ್ಕಾದ ಹೆಣ್ಣು ಮರಿ ಹಾಕುವುದು ನಿಲ್ಲಿಸಿದ ಮೇಲೂ ದಶಕಗಟ್ಟಲೆ ಗುಂಪನ್ನು ಮುನ್ನಡೆಸುತ್ತದೆ, ಎಲ್ಲಿ ಮೀನು ಸಿಗುತ್ತದೆ ಅಂತ ಉಳಿದವಕ್ಕೆ ದಾರಿ ತೋರಿಸುತ್ತದೆ. ನನಗಂತೂ ಇದು ತಿಳಿದು ಖುಷಿಯಾಯಿತು. ಹೆರಿಗೆಯೂ ಸಹಜವೇ ತಾನೇ? ಹಾಗಂತ ನೋವು ತಿನ್ನುತ್ತಿರುವವಳನ್ನು ಮನೆಗೆ ಹೋಗಿ ಅಂತ ಕಳಿಸುತ್ತೀರಾ? ಸಹಜ ಅನ್ನುವ ಮಾತು ಅವಳ ಹೆದರಿಕೆ ಕಳೆಯಲು ಬಳಸಿ. ನಿಮ್ಮ ಮಾತುಕತೆ ಮುಗಿಸಲು ಬಳಸಬೇಡಿ.

ಕಡಿಮೆಯಾದ ಈಸ್ಟ್ರೋಜನ್ ಅನ್ನು ಔಷಧಿಯಾಗಿ ಕೊಡುವ ಹಾರ್ಮೋನ್ ಚಿಕಿತ್ಸೆ ಅಂದ ಕೂಡಲೇ ನಿಮ್ಮಲ್ಲಿ ಹಲವರು "ಅಯ್ಯೋ, ಕ್ಯಾನ್ಸರ್" ಅನ್ನುತ್ತೀರಿ. ಆ ಹೆದರಿಕೆ ಎಲ್ಲಿಂದ ಬಂತು ಅಂತ ಹುಡುಕಿದರೆ 2002ಕ್ಕೆ ಹೋಗಿ ನಿಲ್ಲುತ್ತದೆ. ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಅನ್ನುವ ಅಮೆರಿಕದ ದೊಡ್ಡ ಅಧ್ಯಯನದ ಒಂದು ಭಾಗವನ್ನು ಆ ವರ್ಷದ ಜುಲೈನಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಅದರಲ್ಲಿದ್ದದ್ದು 16,608 ಹೆಂಗಸರು. ಈಸ್ಟ್ರೋಜನ್ ಜೊತೆ ಪ್ರೊಜೆಸ್ಟಿನ್ (ಪ್ರೊಜೆಸ್ಟರಾನಿನಂಥ ಕೃತಕ ಹಾರ್ಮೋನು) ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಶೇಕಡಾ 26 ಹೆಚ್ಚು ಅಂತ ಪತ್ರಿಕೆಗಳಲ್ಲಿ ಬಂತು. ಜನ ಮಾತ್ರೆ ಎಸೆದರು, ಡಾಕ್ಟರುಗಳು ಬರೆಯುವುದು ಬಿಟ್ಟರು. ಶೇಕಡಾ 26 ಅಂದರೆ ಎಷ್ಟು? ವರ್ಷಕ್ಕೆ 10,000 ಹೆಂಗಸರಲ್ಲಿ 30 ಇದ್ದದ್ದು 38 ಆಯಿತು. ಎಂಟು ಜನ ಜಾಸ್ತಿ. ಎಂಟು ಏನೂ ಅಲ್ಲ ಅಂತ ನಾನು ಅನ್ನುವುದಿಲ್ಲ, ಆ ಎಂಟರಲ್ಲಿ ಒಬ್ಬಳಾದವಳಿಗೆ ಅದೇ ಎಲ್ಲ. ಆದರೆ ನಿರ್ಧಾರ ಮಾಡಬೇಕಾದ ಹೆಂಗಸಿಗೆ ಶೇಕಡಾ ಲೆಕ್ಕ ಹೇಳಿ ಹೆದರಿಸುವುದು ಬೇರೆ, ಈ ಲೆಕ್ಕ ಹೇಳುವುದು ಬೇರೆ. ಇನ್ನೊಂದು ವಿಷಯ ಆಗ ಯಾರ ಕಿವಿಗೂ ಬೀಳಲಿಲ್ಲ. ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63. ಮುಟ್ಟು ನಿಂತು ಹತ್ತು ವರ್ಷದ ಮೇಲಾದವರೇ ಹೆಚ್ಚು. ಬಿಸಿ ಏರಿ ನಿದ್ದೆಗೆಟ್ಟು ಬರುವ 48ರ, 50ರ ಹೆಂಗಸು ಅವರ ಹಾಗಲ್ಲ.

ಆಮೇಲೆ ಅದೇ ಅಂಕಿಗಳನ್ನು ವಯಸ್ಸಿನ ಪ್ರಕಾರ ಬಿಡಿಸಿ ನೋಡಿದರು. ಈಗ ಮೆನೋಪಾಸ್ ತಜ್ಞರ ಸಂಘಗಳು ಹೇಳುವುದು ಹೆಚ್ಚುಕಮ್ಮಿ ಒಂದೇ: 60ರ ಒಳಗಿನವರಿಗೆ, ಅಥವಾ ಮುಟ್ಟು ನಿಂತು ಹತ್ತು ವರ್ಷದ ಒಳಗೆ ಶುರು ಮಾಡುವವರಿಗೆ, ತೊಂದರೆ ಹೆಚ್ಚಿದ್ದು ಬೇರೆ ಅಡ್ಡಿ ಇಲ್ಲದಿದ್ದರೆ, ಅಪಾಯಕ್ಕಿಂತ ಲಾಭ ಹೆಚ್ಚು. ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ಕಾರಣ ತಿಳಿಯದ ರಕ್ತಸ್ರಾವ ಇರುವವರಿಗೆ, ಲಿವರ್ ಕೆಟ್ಟಿರುವವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ರಕ್ತ ಹೆಪ್ಪುಗಟ್ಟುವ ಚಿಂತೆ ಇದ್ದರೆ ಮಾತ್ರೆಗಿಂತ ಚರ್ಮಕ್ಕೆ ಅಂಟಿಸುವ ಪ್ಯಾಚ್ ಅಥವಾ ಹಚ್ಚುವ ಜೆಲ್ ವಾಸಿ. ಗರ್ಭಕೋಶ ಇರುವವಳಿಗೆ ಈಸ್ಟ್ರೋಜನ್ ಒಂದನ್ನೇ ಕೊಡಬಾರದು, ಒಳಪದರ ದಪ್ಪವಾಗಿ ಅಲ್ಲಿ ಕ್ಯಾನ್ಸರ್ ಆಗಬಹುದು, ಜೊತೆಗೆ ಪ್ರೊಜೆಸ್ಟರಾನ್ ಬೇಕೇ ಬೇಕು. ಎಲ್ಲರಿಗೂ ಹಾರ್ಮೋನ್ ಕೊಡಿ ಅಂತ ನಾನು ಕೇಳುತ್ತಿಲ್ಲ. ಬೇಡ ಅನ್ನುವವಳಿಗೆ ಬೇಡ. ನನ್ನ ತಕರಾರು ಏನಂದರೆ, ಬೇಕೋ ಬೇಡವೋ ಅಂತ ಅವಳನ್ನು ಕೇಳುವ ಹಂತಕ್ಕೇ ಮಾತು ಬರುವುದಿಲ್ಲ. ಆ ಖಾಲಿ ಜಾಗವನ್ನು ಗಿಡಮೂಲಿಕೆ ಡಬ್ಬಿ ಮಾರುವವರು ತುಂಬುತ್ತಾರೆ. ಅದಕ್ಕೆ ಪುರಾವೆ ಕೇಳುವವರು ಯಾರೂ ಇಲ್ಲ.

ಎಲ್ಲಕ್ಕಿಂತ ಕಡಿಮೆ ಮಾತಾಡುವುದು ಕೆಳಗಿನ ಭಾಗದ ಬಗ್ಗೆ. ಯೋನಿ ಒಣಗುವುದು, ಉರಿ, ಗಂಡನ ಜೊತೆ ಸೇರುವಾಗ ನೋವು, ಮತ್ತೆ ಮತ್ತೆ ಉರಿಮೂತ್ರ, ಕೆಮ್ಮಿದರೆ ಒದ್ದೆಯಾಗುವುದು. ಬಿಸಿ ಏರುವುದು ಒಂದು ದಿನ ಕಡಿಮೆಯಾಗುತ್ತದೆ. ಒಣಗುವುದು ಹಾಗಲ್ಲ, ಬಿಟ್ಟರೆ ವರ್ಷ ಹೋದಂತೆ ಜಾಸ್ತಿಯಾಗುತ್ತದೆ. ಉರಿಮೂತ್ರ ಅಂತ ಬಂದವಳಿಗೆ ಪ್ರತಿ ಸಲವೂ ಆಂಟಿಬಯೋಟಿಕ್ ಬರೆದು ಕಳಿಸುತ್ತೀರಿ. ವರ್ಷಕ್ಕೆ ಮೂರ್ನಾಲ್ಕು ಸಲ ಬಂದರೂ ಯಾಕೆ ಅಂತ ಯೋಚಿಸುವುದಿಲ್ಲ. ಅಲ್ಲಿಗೇ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಕ್ರೀಮ್ ಇದೆ, ಅದರಿಂದ ಈ ಸೋಂಕು ಮರುಕಳಿಸುವುದು ಕಡಿಮೆಯಾಗುತ್ತದೆ, ರಕ್ತಕ್ಕೆ ಸೇರುವುದು ತೀರಾ ಅತ್ಯಲ್ಪ. ಇದನ್ನು ಎಪ್ಪತ್ತರ ಅಜ್ಜಿಗೂ ಕೇಳಿ. ಅವಳು ಇಪ್ಪತ್ತು ವರ್ಷದಿಂದ ಯಾರಿಗೂ ಹೇಳದೆ ಕೂತಿರಬಹುದು.

ಮೂಳೆಯ ವಿಷಯ ನಿಮಗೆ ಚೆನ್ನಾಗಿ ಗೊತ್ತು, ಜಾಸ್ತಿ ಬರೆಯುವುದಿಲ್ಲ. ಮುಟ್ಟು ನಿಂತ ಮೊದಲ ಕೆಲವು ವರ್ಷಗಳಲ್ಲೇ ಮೂಳೆ ಅತಿ ಬೇಗ ಸವೆಯುತ್ತದೆ, ಕೆಟ್ಟ ಕೊಲೆಸ್ಟ್ರಾಲ್ ಏರುವುದೂ ಅದೇ ಹೊತ್ತಿಗೆ. ಭಾರ ಎತ್ತುವ ವ್ಯಾಯಾಮ ಮಾಡಿ ಅಂತ ಹೇಳಬೇಕಾದದ್ದು ಆಗ, ಸೊಂಟ ಮುರಿದ ಮೇಲಲ್ಲ.

ನನ್ನ ಒಂದು ಪ್ರಶ್ನೆ ಎಲ್ಲರಿಗೂ ಸಾಲುವುದಿಲ್ಲ, ಅದೂ ಗೊತ್ತು. ಗರ್ಭಕೋಶ ತೆಗೆಸಿಕೊಂಡವಳಿಗೆ ಮುಟ್ಟೇ ಇಲ್ಲ, ಅವಳ ಲೆಕ್ಕ ಹೇಗೆ ಸಿಗಬೇಕು? ಅವಳನ್ನು ಬೇರೆ ಕೇಳಿ: ಅಂಡಾಶಯ ಉಳಿಸಿದ್ದಾರಾ, ತೆಗೆದಿದ್ದಾರಾ? ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ, "ಎಲ್ಲ ತೆಗೆದರು" ಅನ್ನುತ್ತಾರೆ. ಆಪರೇಷನ್ ಮಾಡಿದವರ ಡಿಸ್‌ಚಾರ್ಜ್ ಚೀಟಿ ತರಿಸಿ ನೋಡಿ. ಎರಡೂ ಅಂಡಾಶಯ ತೆಗೆದಿದ್ದರೆ ಉಳಿದವರಿಗೆ ವರ್ಷಗಳಲ್ಲಿ ಆಗುವುದು ಅವಳಿಗೆ ದಿನಗಳಲ್ಲಿ ಆಗಿದೆ. ಮೂವತ್ತೈದು ಮೂವತ್ತೆಂಟಕ್ಕೇ ಮುಟ್ಟು ನಿಂತವಳ ವಿಷಯವೂ ಹೀಗೇ. ನಲವತ್ತಕ್ಕೆ ಮೊದಲು ನಿಂತರೆ ಅದು ಸಹಜ ಅಲ್ಲ. ಅಲ್ಲಿ ರಕ್ತಪರೀಕ್ಷೆ ಬೇಕು, ಕಾರಣ ಹುಡುಕಬೇಕು, ಅಡ್ಡಿ ಇಲ್ಲದಿದ್ದರೆ ಮುಟ್ಟು ನಿಲ್ಲುವ ಸಾಮಾನ್ಯ ವಯಸ್ಸಿನವರೆಗಾದರೂ ಹಾರ್ಮೋನ್ ಕೊಡಬೇಕು. ಇಲ್ಲದಿದ್ದರೆ ಅವಳ ಮೂಳೆ, ಹೃದಯ ಎರಡಕ್ಕೂ ಪೆಟ್ಟು. ಇವಳಿಗೂ "ಒಳ್ಳೇದೇ ಆಯ್ತು ಬಿಡಿ" ಅಂದವರನ್ನು ಕಂಡಿದ್ದೇನೆ.

ಈ ಪತ್ರ ಓದಿ ಇನ್ನು ಮುಂದೆ ಎಲ್ಲವನ್ನೂ ಮೆನೋಪಾಸ್ ತಲೆಗೆ ಕಟ್ಟಬೇಡಿ ಮತ್ತೆ. ಥೈರಾಯ್ಡ್ ಕೆಟ್ಟರೂ ಎದೆ ಹೊಡೆದುಕೊಳ್ಳುತ್ತದೆ, ಬೆವರುತ್ತದೆ. ತಿಂಗಳಾನುಗಟ್ಟಲೆ ಜಾಸ್ತಿ ಮುಟ್ಟಾಗಿ ರಕ್ತ ಕಡಿಮೆಯಾದರೂ ಸುಸ್ತು. ಹೃದಯದ ತೊಂದರೆಯೂ ಇರಬಹುದು, ಹೆಂಗಸರಲ್ಲಿ ಅದು ಸುಲಭಕ್ಕೆ ಗೊತ್ತಾಗುವುದೂ ಇಲ್ಲ. ನನ್ನ ಇಸಿಜಿ ಮಾಡಿಸಿದ್ದು ಸರಿಯೇ. ನಾರ್ಮಲ್ ಬಂದ ಮೇಲೆ ಇನ್ನೊಂದು ಹೆಜ್ಜೆ ಇಡಲಿಲ್ಲ ಅನ್ನುವುದಷ್ಟೇ ನನ್ನ ದೂರು.

ಕೊನೆಯ ವಿಷಯ, ಎಲ್ಲಕ್ಕಿಂತ ತುರ್ತಿನದು. ವರ್ಷಕ್ಕೂ ಹೆಚ್ಚು ಮುಟ್ಟು ನಿಂತವಳಿಗೆ ಮತ್ತೆ ರಕ್ತ ಕಂಡರೆ ಅದು ಮುಟ್ಟಲ್ಲ. ಒಂದೇ ಹನಿಯಾದರೂ ನೋಡಲೇಬೇಕು. ಹಾಗೆ ಬಂದ ಹತ್ತರಲ್ಲಿ ಸುಮಾರು ಒಂಬತ್ತು ಜನರಲ್ಲಿ ಗಾಬರಿಪಡುವಂಥದ್ದು ಇರುವುದಿಲ್ಲ, ಉಳಿದ ಒಬ್ಬಳಲ್ಲಿ ಗರ್ಭಕೋಶದ ಕ್ಯಾನ್ಸರ್ ಇರಬಹುದು, ಬೇಗ ಸಿಕ್ಕರೆ ಅದು ಚೆನ್ನಾಗಿ ವಾಸಿಯಾಗುತ್ತದೆ. ಹೆಂಗಸರು ಇದನ್ನೂ ತಾವಾಗಿ ಹೇಳುವುದಿಲ್ಲ, ಮಂಡಿ ನೋವು ಅಂತ ಬಂದು ಹೊರಡುವಾಗ ಬಾಗಿಲ ಹತ್ತಿರ ನಿಂತು "ಮತ್ತೆ ಮುಟ್ಟು ಶುರುವಾಗಿದೆ ನೋಡಿ, ಈ ವಯಸ್ಸಲ್ಲಿ" ಅಂತ ನಗುತ್ತಾ ಹೇಳಿಬಿಡುತ್ತಾರೆ. ವಾಪಸ್ ಕರೆದು ಕೂರಿಸಿ. ಸ್ಕ್ಯಾನಿಂಗ್‌ಗೆ ಬರೆದುಕೊಡಿ, ಹೆಂಗಸರ ಡಾಕ್ಟರ ಹತ್ತಿರ ಆ ವಾರವೇ ಹೋಗಲು ಹೇಳಿ.

ಇಂತಿ,
ನಿಮ್ಮ ಪೇಷಂಟ್‌ಗಳಲ್ಲಿ ಒಬ್ಬಳು